ಗೀರು

ಹಡಗಿನ ಅಡುಗೆಯವ ಕೈತಾನ್ ತಂದ ಪ್ಲೇಟು ಅದು.
ಬಂದರಿನಲ್ಲಿ ದೋಣಿ ಇಳಿವಾಗ ಕೈಜಾರಿ
ಅಂಚಿನಿಂದ ನಡುವಿನ ತನಕ ಒಂದು ಗೀರು.
ಹೆಸರಿನ ಚೀಟಿಯನ್ನು ಉಪ್ಪುನೀರು ತಿಂದಿತ್ತು.
ಯಾರು ಹಾಡಿದ್ದು, ಯಾವ ಊರು, ಗೊತ್ತಿಲ್ಲ.

ಹಂಪನಕಟ್ಟೆಯಲ್ಲಿ ಲಾದ್ರು ಸಿಕ್ವೇರರ ಗಡಿಯಾರದಂಗಡಿ.
ನಾನು ಅಲ್ಲಿ ಗುಡಿಸುವ, ಚಾ ತರುವ ಹುಡುಗ.
ಮುಳ್ಳು ಇಟ್ಟರು. ಕಿರ್ ಎಂದಿತು. ಆಮೇಲೆ
ಅಂಗಡಿಯ ಮೂವತ್ತು ಗಡಿಯಾರಗಳೂ
ತಪ್ಪು ಹೊತ್ತು ತೋರಿಸುತ್ತಿವೆ ಅನ್ನಿಸಿತು.

ಲಾದ್ರು ಮದುವೆ ಬ್ಯಾಂಡಿನ ತುತ್ತೂರಿ.
"ಕೇಳು, ಪಿಯಾನೋದ ಎಡಗೈ ರೈಲು,
ಕಂಕನಾಡಿ ಗೇಟಿನಲ್ಲಿ ನಿಂತವನಿಗೆ ಗೊತ್ತು.
ಆ ಕೂಗು ಇಗರ್ಜಿಯದ್ದು,
ಪಾದ್ರಿ ಒಂದು ಸಾಲು, ಜನ ಒಂದು ಸಾಲು.
ಗಿಟಾರು? ಅದು ಪಿಟೀಲಿನ ಬಡ ತಮ್ಮ,
ಗುಡ್ಡದ ಬಿಳಿಯರ ಕುಣಿತದಿಂದ ಓಡಿ ಬಂದವ."

ದೂಮ ಶೇರಿಗಾರರು ಒಪ್ಪಲಿಲ್ಲ.
ಡೋಲು ಬಾರಿಸಿ ದಡ್ಡುಗಟ್ಟಿದ ಎರಡು ಬೆರಳು ಬೆಂಚಿನ ಮೇಲೆ:
"ಕುಂಟುತ್ತಾ ಇದೆಯಲ್ಲ ಮಾರಾಯ್ರೇ ಈ ಪೆಟ್ಟು,
ಒಂದು ಕಾಲು ಉದ್ದ, ಒಂದು ಗಿಡ್ಡ.
ಕುಂಟುವ ಕಾಲಿಗೆ ಕುಣಿಯದೆ ನಡೆಯಲು ಆಗುವುದಿಲ್ಲ."

ಹೀಗೆ ಜಗಳ. ಮೂರು ಸಲ ಚಾ.
ಅಲಾರಂ ರಿಪೇರಿಗೆ ಕೊಟ್ಟಿದ್ದ ಗಿರಿಯಕ್ಕ
ಹಂಚಿನ ಕಾರ್ಖಾನೆಯ ಪಾಳಿ ಮುಗಿಸಿ,
ತಲೆಯ ಮೇಲೆ ಸಿಂಬಿ ಹಾಗೇ, ಬಾಗಿಲಲ್ಲಿ ನಿಂತಿದ್ದವಳು
ಪೂರ್ತಿ ಕೇಳಿ ಅಂದಳು:
"ಉಂದು ಬೇಲೆದ ಪದ."
ಕೆಲಸದ ಹಾಡು.
"ಹೊರೆ ಎತ್ತುವಾಗ ಉಸಿರು ಇಲ್ಲಿ ಕಟ್ಟುತ್ತದೆ, ನೋಡಿ,
ಇಳಿಸುವಾಗ ಇಲ್ಲಿ ಬಿಡುತ್ತದೆ.
ಅವನು ಯಾರೋ, ಅವನ ಅಜ್ಜಿ ಏನೋ ಹೊತ್ತಿದ್ದಾಳೆ."
ಅಲಾರಂ ತೆಗೆದುಕೊಂಡು
ಎರಡಾಣೆ ಬಾಕಿ ಹೇಳಿ ಹೋದಳು.

ಲಾದ್ರು ಸುಮ್ಮನೆ ತುತ್ತೂರಿ ಒರೆಸಿದರು.
ಹಾಡನ್ನು ಕೇಳಿ ಕೇಳಿಯೇ ಕಲಿತದ್ದು.
ಗೀರು ಬಂದಲ್ಲಿ ಮುಳ್ಳು ಹಾರುತ್ತಿತ್ತು
ಅರ್ಧ ಪೆಟ್ಟು ನುಂಗಿ,
ಅದನ್ನೂ ಹಾಗೆಯೇ ಕಲಿತರು.
ಕುಲಶೇಖರದ ಒಂದು ರೋಸಿನಲ್ಲಿ ಮೊದಲ ಸಲ ಬಾರಿಸಿದಾಗ
ತೆಂಗಿನ ಹಾಲು ಮೆತ್ತಿದ ಮದುಮಗನ ಕಾಲು
ಸರಿಯಾಗಿ ಆ ಜಾಗದಲ್ಲಿ ಎಡವಿತು.
ಎಲ್ಲರೂ ನಕ್ಕರು. ಆಮೇಲೆ
ಎಲ್ಲರೂ ಎಡವಿದರು, ಬೇಕೆಂದೇ.

ಪ್ಲೇಟು ಎಂದೋ ಒಡೆಯಿತು.

ಮೊನ್ನೆ ಬೆಂದೂರಿನಲ್ಲೊಂದು ಮದುವೆ.
ಕೀಬೋರ್ಡಿನ ಹುಡುಗನ ಹತ್ತಿರ ಕೇಳಿದೆ:
ಇಲ್ಲಿ ಯಾಕೆ ಹಾರುತ್ತೀ?
"ಹಾಡು ಇರುವುದೇ ಹಾಗೆ ಅಂಕಲ್."

ಇರಬಹುದು.
ಮೂಲವನ್ನು ಕೇಳಿದವ ನಾನು.
ಗೀರಿನ ಅಡಿಯಲ್ಲಿ ಏನಿತ್ತೆಂದು
ನನಗೂ ಗೊತ್ತಿಲ್ಲ.