ಕಜ್ಜಿಗಡ್ಡೆ

ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಆಯುವ ಹೊಂಬಾಳಮ್ಮ
ಬಲಗಿವಿ ತಿರುಗಿಸಿಯೇ ಮಾತಾಡುವುದು.
ಅದು ಎಂಟಾಣೆ ಕೇಳುತ್ತದೆ.
ಎಡಗಿವಿಯಲ್ಲಿ ಮೂವತ್ತು ವರ್ಷದಿಂದ
ಒಂದು ಜೀರುಂಡೆ ಕೂತಿದೆಯಂತೆ,
ಹಗಲೂ ರಾತ್ರಿ ಒಂದೇ ಸಮ.

ಮೊನ್ನೆ ಸಾಲಗಾಮೆ ರಸ್ತೆಯ ನಮ್ಮ ಲ್ಯಾಬಿಗೆ ಬಂದಳು.
ಸೆರಗಿನ ಗಂಟು ಬಿಚ್ಚಿ ಮೂರು ಗಡ್ಡೆ ಮೇಜಿಗಿಟ್ಟಳು.
ಒಡೆದ ಹಿಮ್ಮಡಿಯಂಥ ಸಿಪ್ಪೆ,
ತೊಗಟೆ ತೊಗಟೆ, ಕಂದು.
"ಇಂಥವು ದಿನಕ್ಕೆ ಅರ್ಧ ಮೂಟೆ ಎಸೀತೀನಿ ಕಣವ್ವ.
ತಿಂದ್ರೆ ಏನೂ ಆಗಲ್ಲ, ಮನೇಲಿ ನಾನು ಬೇಯ್ಸದು ಇದನ್ನೇ.
ಆದ್ರೂ ಎಸೀಬೇಕು.
ಯಾರು ಮಾಡದು ಇದನ್ನ?"

ಏನು ಅಂತ ಕೇಳಲಿಲ್ಲ ನೋಡಿ. ಯಾರು ಅಂದಳು.

ತೊಗಟೆ ಕೆರೆದು ಗಾಜಿನ ತಟ್ಟೆಯಲ್ಲಿ ಬಿತ್ತಿದೆ.
ಹತ್ತು ದಿನಕ್ಕೆ
ಸುಣ್ಣದ ಪುಡಿ ಉದುರಿಸಿದ ಹಾಗೆ ಬೂದುಬಿಳಿ ಚುಕ್ಕೆ.
ಮುಚ್ಚಳ ಎತ್ತಿದರೆ
ಉತ್ತ ಹೊಲಕ್ಕೆ ಮೊದಲ ಹನಿ ಬಿದ್ದ ವಾಸನೆ!
ಹೆಸರು ಮಳೆಗೆ ಹೋಯಿತು, ಸೊತ್ತು ಇವರದ್ದು.
ಒಂದೇ ಒಂದು ಕಿಣ್ವ,
ಹದಿನೈದು ಇಂಗಾಲದ ಉದ್ದ ಎಳೆಯನ್ನು
ಬುಟ್ಟಿ ಹೆಣೆಯುವವಳು ಬಿದಿರ ಸೀಳು ಬಾಗಿಸುವಂತೆ
ಬಾಗಿಸಿ, ಸುತ್ತಿ,
ಮೂರನ್ನು ಕತ್ತರಿಸಿ ಆಚೆ ಹಾಕಿ
ಉಳಿದ ಹನ್ನೆರಡರಲ್ಲಿ ಮಣ್ಣಿನ ಘಮ ಮಾಡುತ್ತದೆ.
ಕಣ್ಣಿಲ್ಲ, ಕೈಯಿಲ್ಲ, ಗುರು ಇಲ್ಲ.
ಒಂದು ಮಡಿಕೆ ಇದೆ ಅದರ ಮೈಯಲ್ಲಿ,
ಆ ಮಡಿಕೆಗೆ ಏನು ಹಿಡಿಸುತ್ತದೋ
ಅದೇ ಅದರ ಕಸುಬು.

ಹೊಂಬಾಳಮ್ಮ ಮತ್ತೆ ಬಂದಾಗ
ಬಲಗಿವಿಗೆ ಬಾಗಿ ಹೇಳಿದೆ:
ಇವರಿಗೊಬ್ಬ ದಾಯಾದಿ ಇದ್ದಾನೆ, ನಿನಗೆ ಗೊತ್ತವನು.
ಸಕ್ಕರೆಯನ್ನೇ ತಂದು ಒಂದನ್ನು ತಿರುಚಿ, ಒಂದನ್ನು ಕುಗ್ಗಿಸಿ,
ಇನ್ನೊಂದಕ್ಕೆ ಸಾರಜನಕದ ಕೊಂಡಿ ಸಿಕ್ಕಿಸಿ,
ಗಾರೆ ಬಾಂಡಲಿ ಕೈಯಿಂದ ಕೈಗೆ ದಾಟಿದಂತೆ
ಹತ್ತಾರು ಕಿಣ್ವಗಳ ಸಾಲು ದಾಟಿಸಿ
ಮೂರು ಉಂಗುರ ಪೋಣಿಸಿದ ವಿಷ ಮಾಡುತ್ತಾನೆ.
ಮನೆಯಲ್ಲೇ ಆದ ವಿಷ ಮನೆಯವರನ್ನು ಕೊಲ್ಲಬಾರದಲ್ಲ,
ಅದಕ್ಕೆ ರಂಜಕದ ಒಂದು ಬೀಗ.
ಹೊಸಿಲು ದಾಟಿದ ಮೇಲೆ ಇನ್ನೊಂದು ಕಿಣ್ವ ಬಂದು
ಬೀಗ ತೆಗೆಯುತ್ತದೆ.

"ವಿಷ ಯಾರಿಗೆ?"
ನೆರೆಯ ಕ್ರಿಮಿಗಳಿಗೆ. ಹಾಗೇ
ನಿನ್ನ ಎದೆಗೂಡಿನಲ್ಲಿದ್ದ ಕ್ಷಯದ ಕ್ರಿಮಿಗೂ.

ಅವಳು ಸ್ಟೂಲಿನ ಮೇಲೆ ಕೂತಳು.
ಪೆನ್ಷನ್ ಮೊಹಲ್ಲಾದಿಂದ ದೊಡ್ಡಾಸ್ಪತ್ರೆಗೆ ನಡೆದದ್ದು,
ಸೊಂಟಕ್ಕೆ ಅರವತ್ತು ಸೂಜಿ,
ಬಿಳಿ ಪುಡಿಯ ಶೀಶೆ ಅಲ್ಲಾಡಿಸುತ್ತಿದ್ದ ನರ್ಸಮ್ಮ,
ಖಾಲಿ ಶೀಶೆಗೆ ಮರಳು ತುಂಬಿ ಅಂಗಡಿಯಾಟ ಆಡಿದ ಮಗಳು,
ನಲವತ್ತನೇ ಸೂಜಿಗೆ
ನೆಲ ತೊಟ್ಟಿಲಿನಂತೆ ತೂಗಿದ್ದು.
"ಕೆಮ್ಮು ಹೋಯ್ತು. ಜೀರುಂಡೆ ಬಂತು.
ಸಾಯಕ್ಕಿಂತ ವಾಸಿ ಅಂದ್ರು ಡಾಕ್ಟ್ರು. ಹೌದು ಬಿಡು, ವಾಸಿನೇ."

ಮಣ್ಣಿನಲ್ಲಿ ಅವನಿಗೆ ಬೀಗ ಇತ್ತು.
ಅವಳ ಕಿವಿಯ ಸುರುಳಿಯಲ್ಲಿ
ಯಾರೂ ಇರಲಿಲ್ಲ ಬೀಗ ಹಾಕಲು.
ಇದನ್ನು ನಾನು ಹೇಳಲಿಲ್ಲ.

ತಟ್ಟೆ ಎಳೆದುಕೊಂಡು ಮೂಗಿಗೆ ಹಿಡಿದಳು. ಬೇಡ ಅನ್ನುವುದರೊಳಗೆ
ಉಸಿರೆಳೆದಳು, ಗುಣವಾದ ಆ ಎರಡೂ ಪುಪ್ಪುಸ ತುಂಬ.
"ನನ್ ಕಿವಿ ತಗಂಡೋನ ಕಡೆಯೋರು
ಇಷ್ಟು ಘಮ್ಮಂತಾರಾ?"
ನಕ್ಕಳು. ಜೋರಾಗಿ,
ತನ್ನ ನಗು ತನಗೆ ಎಷ್ಟು ಕೇಳುತ್ತದೆಂದು ತಿಳಿಯದವರು
ನಗುವಷ್ಟು ಜೋರಾಗಿ.

ಎರಡು ಗಡ್ಡೆ ಸೆರಗಿಗೆ ಕಟ್ಟಿಕೊಂಡಳು ಸಾರಿಗೆ.
ಒಂದು ಬಿಟ್ಟು ಹೋದಳು.

ತಟ್ಟೆಯನ್ನು ಅವತ್ತೇ ಆಟೊಕ್ಲೇವಿಗೆ ಹಾಕಬೇಕಿತ್ತು, ನಿಯಮ.
ಸೋಮವಾರದವರೆಗೆ ಇರಲಿ ಅಂತ
ಕಿಟಕಿ ಪಕ್ಕ ಇಟ್ಟೆ.