ಚಕ್ಕುಬಂದಿ

ಮಂಜೇಶ್ವರದ ನೋಂದಣಿ ಕಚೇರಿಯೆದುರು
ಜೆರಾಕ್ಸ್ ಅಂಗಡಿಗೆ ತಾಗಿದ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ತಲೆ ತಗ್ಗಿಸಿದವಳು ನಾನು,
ಯಾರಿಗೂ ಹೆದರಿ ಅಲ್ಲ.
ಆಧಾರ ಬರೆಯುವುದು ನನ್ನ ಕೆಲಸ.
ಮಲಯಾಳದಲ್ಲಿ ಬಂದದ್ದನ್ನು ಕನ್ನಡದಲ್ಲಿ ಓದಿ ಹೇಳುವುದು,
ಕನ್ನಡದಲ್ಲಿ ಅತ್ತದ್ದನ್ನು ಮಲಯಾಳದಲ್ಲಿ ಬರೆಯುವುದು,
ಅಣ್ಣತಮ್ಮಂದಿರ ನಡುವೆ
ಮೂರೂವರೆ ಸೆಂಟ್ಸಿನ ಗೆರೆ ಎಳೆಯುವುದು.

ಬಿಸುವಿನ ಮರುದಿನ ಪೆನ್ನು ಬಿತ್ತು.
ಎತ್ತಿದೆ. ಮತ್ತೆ ಬಿತ್ತು.
ಹೆಬ್ಬೆರಳೂ ತೋರುಬೆರಳೂ
ಬೇರೆ ಯಾರದೋ ಹೆಸರಿಗೆ ವರ್ಗವಾದ ಹಾಗೆ.

ದೇರಳಕಟ್ಟೆಯ ಡಾಕ್ಟರು ಫಿಲ್ಮಿನಿಂದ ಕಣ್ಣೆತ್ತದೆ
"ಎರಡು ಮೂಳೆ ಜೋಡಿಸಿಬಿಡೋಣ" ಎಂದರು.
ಕಂಕನಾಡಿಯವರು ಕಾಲರು ಕೊಟ್ಟರು,
ಆಮೇಲೆ ದೇವರನ್ನು ತೋರಿಸಿದರು.
ಕೋಝಿಕ್ಕೋಡಿನ ಹುಡುಗ ಡಾಕ್ಟರು
ಡ್ರಾಯರಿನಿಂದ ಲೋಹದ ಬಿಲ್ಲೆಯೊಂದನ್ನು ತೆಗೆದು
ನನ್ನ ಅಂಗೈಯಲ್ಲಿಟ್ಟ. "ಚೇಚೀ, ಇದು ಹೊರಳುತ್ತದೆ."
ಜಾಗ ಮಾರುವವನನ್ನು ಕೇಳುವ ಹಾಗೆಯೇ ಕೇಳಿದೆ:
ಇದುವರೆಗೆ ಎಷ್ಟು ಮಾಡಿದ್ದೀರಿ? ತಕರಾರು ಉಂಟಾ?
"ಹನ್ನೊಂದು. ಒಂದು ಸರಿಯಾಗಲಿಲ್ಲ."
ಆ ಒಂದಕ್ಕಾಗಿ ಅವನನ್ನು ನಂಬಿದೆ.

ಇನ್ನು ದುಡ್ಡಿನ ಕಥೆ.
ಒಂದು ಕಾರ್ಡು ತಲಪಾಡಿ ದಾಟಿದರೆ ಬರೀ ಪ್ಲಾಸ್ಟಿಕ್ಕು.
ಇನ್ನೊಂದು ಪಾಲಿಸಿ, ಹದಿನಾಲ್ಕು ವರ್ಷದ ಕಂತು,
ರಶೀದಿಗಳೆಲ್ಲ ಬಿಸ್ಕೆಟು ಡಬ್ಬದಲ್ಲಿ.
ಕನ್ನಡಕ್ಕಾಗಿ ನಾಲ್ಕು ಒತ್ತಿ ಎಂದಿತು ಫೋನು.
ಒತ್ತಿದೆ. ಹಿಂದಿಯಲ್ಲಿ ಒಬ್ಬಳು
ನನ್ನ ಹುಟ್ಟಿದ ದಿನ ಕೇಳಿದಳು, ಮೂರು ಸಲ.
ಕೊನೆಗೆ ಕಾಗದ ಬಂತು:
ಜೋಡಣೆಗೆ ಒಪ್ಪಿಗೆ ಇದೆ, ಬದಲಿಗೆ ಇಲ್ಲ,
ಅದಿನ್ನೂ ಪ್ರಯೋಗದ ಹಂತದ್ದು.

ಜೋಡಣೆ ನನಗೆ ಗೊತ್ತಿಲ್ಲದ್ದಲ್ಲ.
ಎರಡು ಸರ್ವೆ ನಂಬರು ಒಂದು ಮಾಡಿದರೆ
ನಡುವಿನ ಓಣಿ ಮುಚ್ಚುತ್ತದೆ,
ಊರೆಲ್ಲ ನೆರೆಯವನ ಅಂಗಳ ತುಳಿಯುತ್ತದೆ,
ಹತ್ತು ವರ್ಷಕ್ಕೆ ಅವನೂ ವಕೀಲರ ಮೆಟ್ಟಿಲಲ್ಲಿ.

ಮೇಲ್ಮನವಿಗೆ ಕೂತೆ, ಎಡಗೈಯಲ್ಲಿ.
ಡಾಕ್ಟರ ಭಾಷೆ ಬಾರದು, ಕಂಪೆನಿಯದೂ ಬಾರದು,
ನನಗೆ ಬರುವುದು ಒಂದೇ:

ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕು,
ದಿವಂಗತ ದೂಮಪ್ಪನವರ ಮಗಳು
ವಾರಿಜಾಕ್ಷಿ ಎಂಬವಳ ಕುತ್ತಿಗೆಯಲ್ಲಿರುವ
ಅರ್ಧ ಸೆಂಟಿಮೀಟರ್ ಎತ್ತರದ ಜಾಗಕ್ಕೆ ಚಕ್ಕುಬಂದಿ:
ಮುಂದಕ್ಕೆ ಅನ್ನ ಇಳಿಯುವ ದಾರಿ,
ಹಿಂದಕ್ಕೆ ಬೆನ್ನುಹುರಿ,
ಮೇಲಕ್ಕೆ ಐದನೆಯ ಮೂಳೆ, ಕೆಳಕ್ಕೆ ಆರನೆಯದು,
ಎಡಕ್ಕೆ ಸದ್ಯ ತಕರಾರಿಲ್ಲ,
ಬಲಕ್ಕೆ ಬರೆಯುವ ಕೈಗೆ ಹೋಗುವ ಮಾಮೂಲು ದಾರಿ,
ಈಗ ತಡೆಯಾಗಿದೆ.
ಸದರಿ ಜಾಗವನ್ನು ಅಕ್ಕಪಕ್ಕಕ್ಕೆ ಸೇರಿಸಿಬಿಡದೆ
ತಿರುಗುವ ಹಕ್ಕು ಸಹಿತ
ನನಗೇ ಉಳಿಸಿಕೊಡತಕ್ಕದ್ದು.

ನಲವತ್ತೊಂದು ದಿನಕ್ಕೆ ಉತ್ತರ:
ಕೊಯ್ಯುವುದಕ್ಕೆ ಹಣ ಕೊಡುತ್ತೇವೆ, ಬಿಲ್ಲೆಗೆ ಇಲ್ಲ.
ಬಿಲ್ಲೆಗೆ ಒಂದು ಲಕ್ಷ ಎಪ್ಪತ್ತು ಸಾವಿರ.
ಐತಪ್ಪ ಪಾಸ್‌ಬುಕ್ ತೆರೆದರು, ಮುಚ್ಚಿದರು,
"ಅರ್ಧ ಗೆದ್ದೆ ಮಾರಾಯ್ತಿ" ಎಂದು
ಚಹಕ್ಕೆ ನೀರಿಡಲು ಹೋದರು.
ಒಲೆ ಹತ್ತಿದ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಇವತ್ತು ಬಂಗ್ರಮಂಜೇಶ್ವರದ ಅಣ್ಣತಂಗಿ ಬಂದಿದ್ದರು,
ಪಾಲುಪಟ್ಟಿಗೆ. ಬಾವಿಯ ಮೇಲೆ ಜಗಳ.
ಬಾವಿ ಇಬ್ಬರಿಗೂ ಇರಲಿ, ಹಗ್ಗ ಬೇರೆ ತನ್ನಿ ಎಂದೆ.
ನಾನು ಹೇಳುವುದು, ಹುಡುಗನೊಬ್ಬ ಬರೆಯುವುದು, ಈಗ ಹಾಗೆ.
ಹಿಂದಿನಿಂದ "ವಾರಿಜಕ್ಕಾ" ಅಂತ ಕರೆದರು.
ಸ್ಟೂಲು ಸಮೇತ ತಿರುಗಿದೆ,
ದಕ್ಕೆಯಲ್ಲಿ ದೋಣಿ ತಿರುಗಿಸುವ ಹಾಗೆ, ಸ್ವಲ್ಪ ಸ್ವಲ್ಪವೇ.
ಜೆರಾಕ್ಸಿನ ಜಸೀಲಾ.
ನನ್ನ ಸ್ಕ್ಯಾನಿನ ವರದಿ, ಮೂರು ಪ್ರತಿ, ಇನ್ನೂ ಬೆಚ್ಚಗೆ.
"ಮೂರು ಸಾಕಾ?"
ಐದು ಮಾಡು ಎಂದೆ.
ಇನ್ನೊಂದು ಅರ್ಜಿ ಬರೆಯಲಿಕ್ಕುಂಟು.