ಮೇಲಿನ ಕೋಣೆಯವರಿಗೆ

ಬೀಗ ಹಟಮಾರಿ. ಬಾಗಿಲನ್ನು ಮೈಗೆ ಎಳೆದುಕೊಂಡು ತಿರುಗಿಸಿ.
ನಲ್ಲಿ ನೀರಲ್ಲಿ ಚಹಾ ಮಾಡಬೇಡಿ,
ಎಷ್ಟು ಸೋಸಿದರೂ ಸಮುದ್ರ ಸಮುದ್ರವೇ.
ಬೆಕ್ಕು ನಮ್ಮದಲ್ಲ. ಒಂದು ತುತ್ತು ಹಾಕಿದಿರೋ, ನಿಮ್ಮದು.
ನಾನು ಜೀಜಾ, ಕೆಳಗೇ ಇರುತ್ತೇನೆ.

ಏನೇನು ನೋಡಬೇಕು ಎಂದು ಕೇಳಿದ್ದಿರಿ, ಬರೆದಿಡುತ್ತಿದ್ದೇನೆ.
ನೀವು ಗೋಜೋ ಅನ್ನುತ್ತೀರಿ, ನಾವು ಔದೆಶ್.
ಭೂಪಟದಲ್ಲಿ ಹೆಸರು ಬರೆದರೆ
ನೆಲವೇ ಮುಚ್ಚಿಹೋಗುವಷ್ಟು ದೇಶ ಮಾಲ್ಟಾ;
ಅದರ ಮಗ್ಗುಲಿಗೆ ನಾವು,
ಅಂಗಿಯ ಒಳಮಡಿಕೆಗೆ ಹೊಲಿದ ಹೆಚ್ಚುವರಿ ಗುಂಡಿ.

ಇಲ್ಲಿಗೆ ಬರುವಾಗ ಹಡಗಿನಲ್ಲಿ ಯಾರೂ ದುಡ್ಡು ಕೇಳಲಿಲ್ಲ, ಗಮನಿಸಿದಿರಾ?
ಬಿಟ್ಟುಹೋಗುವಾಗ ಕೊಡಬೇಕು.
ಗಾದೆಯಲ್ಲ, ಟಿಕೆಟ್ಟಿನ ನಿಯಮ.

ಚರ್ಚಿಗೆ ಎರಡು ಗಡಿಯಾರ.
ಒಂದು ನಿಜದ ಹೊತ್ತು. ಇನ್ನೊಂದು ಬರೀ ಬಣ್ಣ,
ಸೈತಾನ ಹೊತ್ತು ತಪ್ಪಿ ಬರಲಿ ಅಂತ.
ನೀವು ಮೊದಲನೆಯದನ್ನೇ ನೋಡಿ.
ಕೋಣೆ ಖಾಲಿ ಮಾಡುವುದು ಹತ್ತಕ್ಕೆ.

ಊರ ಅಂಚಿಗೆ ಕಲ್ಲಿನ ಗುಡಿಗಳು, ಪಿರಮಿಡ್ಡಿಗಿಂತ ಹಳೆಯವು.
ಕಟ್ಟಿದ್ದು ಒಬ್ಬ ದೈತ್ಯ ಹೆಂಗಸು:
ತಲೆ ಮೇಲೆ ಬಂಡೆ, ಹೆಗಲ ಮೇಲೆ ಕೂಸು,
ಬಾಯಲ್ಲಿ ಕಾಳು ಜಗಿಯುತ್ತ ಜಗಿಯುತ್ತ.
ಅಗೆಯಲು ಬಂದವರು ನಗುತ್ತಾರೆ. ನಗಲಿ.
ಆಗ ಗಂಡಸರೆಲ್ಲ ಎಲ್ಲಿದ್ದರು ಅಂತ ಒಮ್ಮೆ ಕೇಳಿದೆ.
ಅದಕ್ಕೆ ಅವರಲ್ಲಿ ಫಲಕ ಇರಲಿಲ್ಲ.

ಉಪ್ಪಿನ ಮಡಿಗಳಿಗೆ ಇಳಿಹೊತ್ತಿಗೆ ಹೋಗಿ.
ಬಂಡೆಯಲ್ಲೇ ಕೊರೆದ ಚೌಕ ಚೌಕ ಮಡಿ, ಒಂದೊಂದರಲ್ಲೂ ಒಂದೊಂದು ಆಕಾಶ.
ಬೂಟುಗಾಲು ಇಡಬೇಡಿ,
ನೀವು ತುಳಿದದ್ದನ್ನು ಯಾರೋ ಉಣ್ಣಬೇಕು.
ಚೆನ್ಸು ಪೊರಕೆ ಹಿಡಿದು ಗುಡಿಸುತ್ತಿರುತ್ತಾನೆ. ಮಾತಿಗೆ ಸಿಕ್ಕರೆ
ಅಜ್ಜನ ಕಾಲದಿಂದ ಬಿದ್ದ ಬಿಸಿಲಿನ ಲೆಕ್ಕವನ್ನೆಲ್ಲ ಒಪ್ಪಿಸುತ್ತಾನೆ.
ಚೌಕಾಸಿ ಬೇಡ.
ಅಷ್ಟು ಕಡಲು ನಿಂತಲ್ಲೇ ಆರಿದ್ದಕ್ಕೆ ಮೂರು ಯೂರೋ ಹೆಚ್ಚೇ?

ಹಸಿವಾದರೆ ಕಾರ್ಮೆನಳ ಪಸ್ತಿತ್ಸಿ. ಆರು ಗಂಟೆಯೊಳಗೆ. ತುಟಿ ಜೋಪಾನ.

ದ್ವೇಯ್ರಾಕ್ಕೆ ಬಸ್ಸಿದೆ.
ಅಲ್ಲಿ ಕಡಲಿಗೊಂದು ಕಲ್ಲಿನ ಕಿಟಕಿಯಿತ್ತು,
ಮಾರ್ಚ್ ತಿಂಗಳ ಒಂದು ಗಾಳಿಗೆ ಬಿತ್ತು.
ಈಗಲೂ ಬಸ್ಸು ತುಂಬಿಯೇ ಹೋಗುತ್ತದೆ.
ಇಲ್ಲದ್ದರ ಕಡೆಗೆ ಬೆರಳು ತೋರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ.
ನನ್ನ ಗಂಡ ವಿಸ್ಟಿನ್ ಮೂವತ್ತು ವರ್ಷ ಅದರಡಿಯಲ್ಲಿ ದೋಣಿ ನಡೆಸಿದವನು.
ಸುದ್ದಿ ಬಂದಾಗ ನಿಮ್ಮ ಕೋಣೆಯ ಹೊರಗೋಡೆಗೆ ಸುಣ್ಣ ಬಳಿಯುತ್ತಿದ್ದ,
ಬ್ರಷ್ಷನ್ನು ಬಕೆಟ್ಟಿನಲ್ಲೇ ಬಿಟ್ಟು ಹೋದ.
ಗೋಡೆ ಯಾಕೆ ಅರ್ಧ ಬಿಳಿ ಅಂತ ಅವನನ್ನು ಕೇಳಬೇಡಿ.
ದೋಣಿಯ ಮೂತಿಗೆ ಬರೆದ ಎರಡು ಕಣ್ಣಿಗೆ ಮಾತ್ರ
ಪ್ರತಿ ವರ್ಷ ತಪ್ಪದೆ ಬಣ್ಣ ಕೊಡುತ್ತಾನೆ.
ದೋಣಿ ಈಗ ಅಂಗಳದಲ್ಲಿದೆ, ನೋಡಿರುತ್ತೀರಿ.
ಅದೂ ನಿಮ್ಮನ್ನು ನೋಡಿರುತ್ತದೆ.

ಇನ್ನೊಂದು. ಇದನ್ನು ಎಲ್ಲರಿಗೂ ಬರೆಯುವುದಿಲ್ಲ.
ಆಚೆ ದ್ವೀಪಕ್ಕೆ ಹೋದರೆ, ಬಿರ್ಗುವಿನಲ್ಲಿ,
ಬಂಡೆಯೊಳಗೆ ಯುದ್ಧಕಾಲದ ಸುರಂಗಗಳಿವೆ.
ಮೇಲೆ ಬಾಂಬು ಬೀಳುತ್ತಿದ್ದ ಒಂದು ರಾತ್ರಿ
ಕೆಳಗೆ ನನ್ನ ಅಮ್ಮ ಹುಟ್ಟಿದಳು.
ಈಗ ಅಲ್ಲಿ ಟಿಕೆಟ್ಟು, ತಲೆಗೊಂದು ಟೊಪ್ಪಿಗೆ,
ಕಿವಿಗೆ ಹಚ್ಚಿಕೊಳ್ಳುವ ಯಂತ್ರದಲ್ಲಿ ಯಾರದೋ ಅಳು.
ಹೆತ್ತವಳು ಹುಟ್ಟಿದ ಗೂಡಿಗೆ ದುಡ್ಡು ಕೊಟ್ಟು ನಾನು ಇಳಿಯಲಾರೆ.
ನೀವು ಹೇಗೂ ಪ್ರವಾಸಿಗಳು.
ಇಳಿದು ಎಡಕ್ಕೆ, ಮೂರನೆಯ ಗೂಡು.
ಗೋಡೆ ಮುಟ್ಟಬಾರದು ಅಂತ ಬರೆದಿರುತ್ತದೆ.
ಮುಟ್ಟಿ.
ಒದ್ದೆಯೋ ಒಣಗಿದೆಯೋ, ಅಷ್ಟು ಬಂದು ಹೇಳಿದರೆ ಸಾಕು.
ಅಮ್ಮ ಕೊನೆತನಕ, ಆಗಸ್ಟಿನ ಉರಿಬಿಸಿಲಲ್ಲಿ ಕೂತು,
ಬೆನ್ನ ಹಿಂದೆ ಏನೋ ತೊಟ್ಟಿಕ್ಕುತ್ತಿದೆ, ಯಾರಾದರೂ ನೋಡಿ, ಅನ್ನುತ್ತಿದ್ದಳು.
ನಾನು ನೋಡದೆಯೇ, ಇಲ್ಲಮ್ಮ, ಅನ್ನುತ್ತಿದ್ದೆ.

ತಡವಾದರೂ ಬಾಗಿಲು ತಟ್ಟಿ, ಎಚ್ಚರವೇ ಇರುತ್ತೇನೆ.
ಒದ್ದೆ ಟವೆಲುಗಳು ತಾರಸಿಯ ಹಗ್ಗಕ್ಕೆ.
ಕ್ಲಿಪ್ಪು ಎರಡೆರಡು ಹಾಕಿ,
ನಮ್ಮ ಗಾಳಿಗೆ ಒಂದು ಸಾಲದು.